ಉಡುಪಿ ಹೋಟೆಲನ್ನು ದುಬೈಗೆ ಒಯ್ಯುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಲ್ಲಿ ಒಂದೆರಡು ಸಸ್ಯಾಹಾರಿ ಹೋಟೆಲುಗಳನ್ನು ಚೆನ್ನಾಗಿ ನಡೆಸುತ್ತಿರುವವರಿಗೆ ಒಂದಲ್ಲ ಒಂದು ದಿನ ದುಬೈ ಕಡೆ ಕಣ್ಣು ಹೋಗಿಯೇ ಹೋಗುತ್ತದೆ. ಅಲ್ಲಿರುವ ನೆಂಟರೋ ಗೆಳೆಯರೋ "ಇಲ್ಲೊಂದು ಒಳ್ಳೆಯ ಮಸಾಲೆ ದೋಸೆ ಸಿಗೋದಿಲ್ಲ ಮಾರಾಯ, ನೀನು ಬಂದು ಶುರು ಮಾಡು" ಎಂದು ಹೇಳಿರುತ್ತಾರೆ. ಹಾಗೆ ಹೊರಡುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ನಿಯಮ, ಶುಲ್ಕಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಹಣ ಕಟ್ಟುವ ಮುನ್ನ ಆಯಾ ಇಲಾಖೆಯ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಇಲ್ಲಿ ನಮ್ಮ ಹೋಟೆಲು ಚೆನ್ನಾಗಿ ಓಡುತ್ತಿದೆ. ಅಲ್ಲಿಯೂ ಓಡುತ್ತದೆಯೇ?

ಒಂದು ಪರೀಕ್ಷೆ ಮಾಡಿ ನೋಡಿ. ಮೂರು ತಿಂಗಳು ನೀವು ಗಲ್ಲಾದಲ್ಲಿ ಕೂರಬೇಡಿ, ಅಡುಗೆಮನೆಗೆ ಕಾಲಿಡಬೇಡಿ, ಫೋನಿನಲ್ಲೂ ಸೂಚನೆ ಕೊಡಬೇಡಿ. ಸಾಂಬಾರಿನ ರುಚಿ ಹಾಗೆಯೇ ಇದ್ದು, ದಿನದ ಲೆಕ್ಕ ತಾಳೆಯಾಗಿ, ಕೆಲಸದವರು ಬಿಟ್ಟುಹೋಗದೆ ಇದ್ದರೆ ನಿಮ್ಮದು ಒಯ್ಯಬಹುದಾದ ಹೋಟೆಲು. ಎಲ್ಲವೂ ನಿಮ್ಮ ಕಣ್ಣಳತೆಯಲ್ಲೇ ನಡೆಯುತ್ತಿದ್ದರೆ, ದುಬೈನಲ್ಲಿ ಶಾಖೆ ತೆರೆದ ದಿನದಿಂದ ಎರಡೂ ಕಡೆ ಕೆಡಲು ಶುರುವಾಗುತ್ತದೆ.

1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಂಟಿಆರ್ ಸಿಂಗಾಪುರ, ದುಬೈಗಳಿಗೆ ಹೋದದ್ದು 2010ರ ದಶಕದಲ್ಲಿ. ಅಷ್ಟು ಹೊತ್ತಿಗೆ ಅವರಲ್ಲಿ ಯಾವ ತಿಂಡಿಗೆ ಎಷ್ಟು ಅಳತೆ ಎಂಬುದು ಮೂರು ತಲೆಮಾರುಗಳಲ್ಲಿ ಗಟ್ಟಿಯಾಗಿತ್ತು. ಚೆನ್ನೈನ ಶರವಣ ಭವನ 2000ದಲ್ಲಿ ಮೊದಲ ವಿದೇಶಿ ಶಾಖೆಗೆ ಆರಿಸಿಕೊಂಡದ್ದೂ ದುಬೈಯನ್ನೇ. ಅವರಷ್ಟು ದೊಡ್ಡವರಾಗಿರಬೇಕೆಂದಿಲ್ಲ. ಆದರೆ ಅಳತೆ ಬರೆದಿಟ್ಟ ಪುಸ್ತಕ ನಿಮ್ಮಲ್ಲಿ ಇರಲೇಬೇಕು.

ದುಬೈಯೇ ಏಕೆ? ಲಂಡನ್, ಸಿಂಗಾಪುರ ಆಗದೇ?

ಆಗುತ್ತದೆ, ಆದರೆ ಮೊದಲ ಹೆಜ್ಜೆಗೆ ಅವು ಕಷ್ಟ. ಬ್ರಿಟನ್ 2025ರ ಜುಲೈಯಿಂದ ನುರಿತ ಕೆಲಸಗಾರರ ವೀಸಾವನ್ನು ಬಹುಮಟ್ಟಿಗೆ ಪದವಿ ಮಟ್ಟದ ಕೆಲಸಗಳಿಗೆ ಸೀಮಿತಗೊಳಿಸಿದೆ. ಹಾಗಾಗಿ ಊರಿನಿಂದ ಹೊಸದಾಗಿ ಅಡುಗೆ ಭಟ್ಟರನ್ನು ಕರೆಸುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಅಲ್ಲಿ 14 ಬಗೆಯ ಅಲರ್ಜಿ ಪದಾರ್ಥಗಳ ವಿವರವನ್ನು ಗಿರಾಕಿಗೆ ಕೊಡಬೇಕು, ಸಾಸಿವೆಯೂ ಆ ಪಟ್ಟಿಯಲ್ಲಿದೆ. ಅಂದರೆ ನಮ್ಮ ಒಗ್ಗರಣೆ ಬಿದ್ದ ಪ್ರತಿ ಪಾತ್ರೆಯೂ ಪಟ್ಟಿಗೆ ಸೇರುತ್ತದೆ. ಇಂಗಿನದು ಇನ್ನೊಂದು ಸಂಗತಿ. ಡಬ್ಬಿಯಲ್ಲಿ ಸಿಗುವ ಇಂಗಿನಲ್ಲಿ ಬಹುಪಾಲು ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ. "ಸಾಂಬಾರಿನಲ್ಲಿ ಗೋಧಿ ಇಲ್ಲ" ಎಂದು ಧೈರ್ಯವಾಗಿ ಹೇಳಿಬಿಟ್ಟರೆ ಅಲರ್ಜಿ ಇರುವವರ ಜೀವಕ್ಕೆ ಕುತ್ತು. ಈ ಎಚ್ಚರ ದುಬೈನಲ್ಲೂ ಬೇಕು, ಬೆಂಗಳೂರಿನಲ್ಲೂ ಬೇಕು.

ಸಿಂಗಾಪುರದಲ್ಲಿ ವಿದೇಶಿ ಕೆಲಸಗಾರರ ಸಂಖ್ಯೆಗೆ ಮಿತಿಯಿದೆ, ತಲೆಗಿಷ್ಟು ಎಂದು ಪ್ರತಿ ತಿಂಗಳು ಸರ್ಕಾರಕ್ಕೆ ಲೆವಿ ಎಂಬ ಶುಲ್ಕ ಕಟ್ಟಬೇಕು. ದುಬೈಗೆ ಮಂಗಳೂರಿನಿಂದ ನೇರ ವಿಮಾನವಿದೆ, ತೆಂಗಿನಕಾಯಿ, ಕರಿಬೇವು ತರಿಸುವುದು ಸುಲಭ, ಕರಾವಳಿಯ ಜನ ಮೂರು ನಾಲ್ಕು ದಶಕಗಳಿಂದ ಅಲ್ಲಿ ನೆಲೆಸಿದ್ದಾರೆ. ಇಷ್ಟು ಅನುಕೂಲ ಬೇರೆಡೆ ಒಟ್ಟಿಗೆ ಸಿಗುವುದಿಲ್ಲ.

ಅಲ್ಲಿನವರೊಬ್ಬರಿಗೆ ಶೇ 51 ಪಾಲು ಕೊಡಲೇಬೇಕಂತೆ, ನಿಜವೇ?

ಹಿಂದೆ ನಿಜವಾಗಿತ್ತು. ದುಬೈ ಸೇರಿರುವ ದೇಶವಾದ ಯುಎಇ ತನ್ನ ಕಂಪನಿ ಕಾನೂನನ್ನು ತಿದ್ದಿದ ಮೇಲೆ, 2021ರ ಜೂನ್‌ನಿಂದ ಹೆಚ್ಚಿನ ವ್ಯವಹಾರಗಳಿಗೆ ನೂರಕ್ಕೆ ನೂರು ವಿದೇಶಿ ಒಡೆತನ ಸಾಧ್ಯವಾಗಿದೆ, ಹೋಟೆಲೂ ಅದರಲ್ಲಿ ಸೇರಿದೆ. ಇಂದಿಗೂ "ಸ್ಪಾನ್ಸರ್ ಇಲ್ಲದೆ ಆಗೋದಿಲ್ಲ" ಎಂದು ವರ್ಷಕ್ಕಿಷ್ಟು ಹಣ ಕೇಳುವ ಮಧ್ಯವರ್ತಿಗಳಿದ್ದಾರೆ. ಅಂಥವರಿಂದ ದೂರವಿರಿ.

ಫ್ರೀ ಜೋನ್ ಎಂಬ ವಿಶೇಷ ವಲಯಗಳ ಲೈಸೆನ್ಸ್ ಅಗ್ಗವೆಂದು ಅದನ್ನು ಮಾಡಿಸಿಕೊಂಡು ಬಂದು, ಕರಾಮಾದ ಬೀದಿಯಲ್ಲಿ ಅಂಗಡಿ ಹಿಡಿಯಲಾಗದೆ ಕೈಚೆಲ್ಲಿದವರಿದ್ದಾರೆ. ಬೀದಿಬದಿಯ ಹೋಟೆಲಿಗೆ ಬೇಕಾದದ್ದು ಆ ವಲಯಗಳ ಹೊರಗಿನ ಊರಿಗೆ ಕೊಡುವ ಮೇನ್‌ಲ್ಯಾಂಡ್ ಲೈಸೆನ್ಸ್.

ಭಾರತದಿಂದ ಬಂಡವಾಳ ಕಳಿಸುವುದು ಹೇಗೆ?

ಬ್ಯಾಂಕಿನ ಮೂಲಕ, ನೇರವಾಗಿ. ವ್ಯಕ್ತಿಯಾಗಿ ಕಳಿಸುವುದಾದರೆ ಎಲ್‌ಆರ್‌ಎಸ್ (ವ್ಯಕ್ತಿಗಳು ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಯೋಜನೆ) ಅಡಿ ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ವಿದೇಶಿ ಕಂಪನಿಯಲ್ಲಿ ಷೇರು ಹಾಕುವುದಕ್ಕೆ 2022ರ ಆಗಸ್ಟ್‌ನಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮಗಳು ಅನ್ವಯಿಸುತ್ತವೆ. ಬ್ಯಾಂಕಿಗೆ ಈ ಹೂಡಿಕೆಯ ವಿವರ ತುಂಬಿದ ಫಾರಂ ಎಫ್‌ಸಿ ಕೊಟ್ಟು, ರಿಸರ್ವ್ ಬ್ಯಾಂಕಿನ ಗುರುತಿನ ಸಂಖ್ಯೆ ಪಡೆಯಬೇಕು. ಆಮೇಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಅಲ್ಲಿನ ಕಂಪನಿಯ ವಾರ್ಷಿಕ ವರದಿ ಸಲ್ಲಿಸಬೇಕು. ಈ ವರದಿಯನ್ನು ಮರೆತವರು ಎರಡನೇ ಕಂತು ಕಳಿಸುವಾಗ ಸಿಕ್ಕಿಹಾಕಿಕೊಳ್ಳುತ್ತಾರೆ.

ವ್ಯಕ್ತಿಯಾಗಿ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ, ಮೇಲಿನ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ (ಮುಂಗಡವಾಗಿ ಹಿಡಿಯುವ ತೆರಿಗೆ) ಹಿಡಿಯುತ್ತದೆ (10 ಲಕ್ಷದ ಮಿತಿ 2025ರ ಏಪ್ರಿಲ್‌ನಿಂದ). ಅದು ನಿಮ್ಮ ಆದಾಯ ತೆರಿಗೆಯಲ್ಲಿ ಜಮೆಯಾಗುತ್ತದೆ, ನಷ್ಟವಲ್ಲ. ಆದರೆ ರಿಟರ್ನ್ ಹಾಕಿ ಮರಳಿ ಬರುವವರೆಗೆ ಅಷ್ಟು ದುಡ್ಡು ಕೈಯಲ್ಲಿರುವುದಿಲ್ಲ. ಅಡುಗೆಮನೆಯ ಗುತ್ತಿಗೆದಾರನಿಗೆ ಕೊಡಬೇಕಾದ ಹಣ ಅಲ್ಲೇ ಸಿಕ್ಕಿಕೊಂಡರೆ ಕೆಲಸ ನಿಲ್ಲುತ್ತದೆ, ಬಾಡಿಗೆ ಮಾತ್ರ ಓಡುತ್ತಿರುತ್ತದೆ.

ಹವಾಲಾ, ಪರಿಚಯದವರ ಖಾತೆ, "ಇಲ್ಲಿ ಕೊಡಿ ಅಲ್ಲಿ ಕೊಡ್ತೇವೆ" ಎಂಬ ಏರ್ಪಾಡು ಯಾವುದೂ ಬೇಡ. ನಾಳೆ ಲಾಭವನ್ನು ಊರಿಗೆ ತರಬೇಕಾದಾಗ ಹೋದ ಹಣದ ದಾಖಲೆಯನ್ನೇ ಕೇಳುತ್ತಾರೆ.

ಬಾಡಿಗೆ ಎಷ್ಟು ತಡೆದುಕೊಳ್ಳಬಹುದು?

ದುಬೈನಲ್ಲಿ ಹೋಟೆಲುಗಳು ಮುಚ್ಚುವುದಕ್ಕೆ ಮೊದಲ ಕಾರಣ ಬಾಡಿಗೆ, ರುಚಿ ಆಮೇಲಿನದು. ಸಹಿ ಹಾಕುವ ಮುನ್ನ ಬಾಡಿಗೆಯನ್ನು ದೋಸೆಯ ಲೆಕ್ಕಕ್ಕೆ ಇಳಿಸಿ ನೋಡಿ. ಉದಾಹರಣೆಗೆ ವರ್ಷದ ಬಾಡಿಗೆ 2,40,000 ದಿರಮ್ (ಅಲ್ಲಿನ ಹಣ) ಎಂದಿಟ್ಟುಕೊಳ್ಳಿ. ಬಾಡಿಗೆಯ ಮೇಲಿನ ಪಾಲಿಕೆಯ ಶುಲ್ಕ ಶೇ 5 ಎಂದು ಹಿಡಿದರೆ ಅದು 12,000. ಎರಡೂ ಸೇರಿ ದಿನಕ್ಕೆ ಸುಮಾರು 690 ದಿರಮ್. ಮಸಾಲೆ ದೋಸೆಯ ಬೆಲೆ 14 ದಿರಮ್ ಇಟ್ಟರೆ ಶೇ 5 ಮಾರಾಟ ತೆರಿಗೆಯಾದ ವ್ಯಾಟ್ ಕಳೆದು ಉಳಿಯುವುದು 13.33. ಸಾಮಾನು, ಸಂಬಳ, ಗ್ಯಾಸು, ಕರೆಂಟು ಎಲ್ಲ ಹೋಗಿ ದೋಸೆಗೆ ಮೂರೂವರೆ ದಿರಮ್ ಉಳಿದರೆ, ಬಾಡಿಗೆಗೆಂದೇ ದಿನಕ್ಕೆ ಸುಮಾರು 197 ದೋಸೆ ಹೋಗಬೇಕು. ಮಳೆ ಬರಲಿ, ಬೇಸಿಗೆ ರಜೆ ಬರಲಿ, 365 ದಿನವೂ. ನಿಮಗೇ ಸಂಬಳ ಹುಟ್ಟುವುದು 198ನೇ ದೋಸೆಯಿಂದ.

ಇದರ ಮೇಲೆ ಹಳೆಯ ಬಾಡಿಗೆದಾರ ಕೇಳುವ ಪಗಡಿ ಇದೆ, ಅಲ್ಲಿ ಅದಕ್ಕೆ ಕೀ ಮನಿ ಎನ್ನುತ್ತಾರೆ. ಆ ಹಣ ಮರಳಿ ಬರುತ್ತದೆಂಬ ಭರವಸೆಯಿಲ್ಲ. ಹೊಗೆ ಕೊಳವೆ, ಗ್ಯಾಸ್ ಲೈನ್, ಜಿಡ್ಡು ತಡೆಯುವ ಗ್ರೀಸ್ ಟ್ರ್ಯಾಪ್ ಎಲ್ಲವೂ ಅನುಮೋದನೆಯೊಂದಿಗೆ ಇದ್ದ ಮಳಿಗೆಯಾದರೆ ಸ್ವಲ್ಪ ಕೊಡುವುದರಲ್ಲಿ ಅರ್ಥವಿದೆ. ಬರೀ ಜಾಗಕ್ಕಾದರೆ ಬೇಡ.

ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ಕುಗಳನ್ನು ಮೊದಲೇ ಕೊಡುವುದು ಅಲ್ಲಿನ ಪದ್ಧತಿ. ಹಣವಿಲ್ಲದೆ ಚೆಕ್ ವಾಪಸಾದರೆ ನೇರ ಕ್ರಿಮಿನಲ್ ಪ್ರಕರಣ ಎಂಬುದು 2022ರ ಜನವರಿಯಿಂದ ಬಹುಮಟ್ಟಿಗೆ ಬದಲಾಗಿದೆ. ಆದರೂ ಆ ಚೆಕ್ಕನ್ನೇ ಹಿಡಿದು ಕೋರ್ಟಿನಲ್ಲಿ ನೇರವಾಗಿ ವಸೂಲಿಗೆ ಹೋಗಬಹುದು. ಕರಾರನ್ನು ಇಜಾರಿಯಲ್ಲಿ (ಬಾಡಿಗೆ ಕರಾರುಗಳ ಸರ್ಕಾರಿ ನೋಂದಣಿ ವ್ಯವಸ್ಥೆ) ನೋಂದಾಯಿಸದೆ ಲೈಸೆನ್ಸ್ ಮುಂದಕ್ಕೆ ಹೋಗುವುದಿಲ್ಲ.

ಯಾವ ಏರಿಯಾ ಒಳ್ಳೆಯದು?

ಕರಾಮಾ, ಬರ್ ದುಬೈನ ಮೀನಾ ಬಜಾರ್ ಸುತ್ತಮುತ್ತ ಗಿರಾಕಿ ಹೆಚ್ಚು, ಪೈಪೋಟಿಯೂ ಅಷ್ಟೇ ಹೆಚ್ಚು. ಕುಸೈಸ್, ಅಲ್ ನಹ್ದಾ, ಡಿಸ್ಕವರಿ ಗಾರ್ಡನ್ಸ್ ಕಡೆ ಸಂಸಾರಸ್ಥರು ಇದ್ದಾರೆ, ರಾತ್ರಿ ಮತ್ತು ವಾರಾಂತ್ಯದಲ್ಲಿ ತುಂಬುತ್ತದೆ. ಒಂದು ಜಾಗ ಕಣ್ಣಿಗೆ ಬಿದ್ದರೆ ಒಂದಿಡೀ ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅದರೆದುರು ನಿಂತು ಎಷ್ಟು ಜನ ನಡೆದುಹೋಗುತ್ತಾರೆ, ಗಾಡಿ ನಿಲ್ಲಿಸಲು ಜಾಗವಿದೆಯೇ ಎಂದು ನೋಡಿ. ಬೆಳಗಿನ ಟಿಫಿನ್‌ಗೆ ಬೆಂಗಳೂರಿನ ದರ್ಶಿನಿಯಂತೆ ಜನ ಮುಗಿಬೀಳುವುದನ್ನು ಅಲ್ಲಿ ನಿರೀಕ್ಷಿಸಬೇಡಿ. ಹೆಚ್ಚಿನವರು ಮನೆಯಲ್ಲೇ ತಿಂದು ಕೆಲಸಕ್ಕೆ ಹೊರಡುತ್ತಾರೆ, ದೋಸೆಯ ದೊಡ್ಡ ವ್ಯಾಪಾರ ಆಗುವುದು ರಾತ್ರಿ.

ಅಡುಗೆಮನೆಗೆ ಯಾರ ಒಪ್ಪಿಗೆ ಬೇಕು?

ಮಳಿಗೆಯ ನಕ್ಷೆಗೆ ದುಬೈ ಪಾಲಿಕೆಯ ಆಹಾರ ಸುರಕ್ಷತಾ ವಿಭಾಗದ ಒಪ್ಪಿಗೆ, ಬೆಂಕಿ ಸುರಕ್ಷತೆಗೆ ಸಿವಿಲ್ ಡಿಫೆನ್ಸ್ ಇಲಾಖೆಯ ಒಪ್ಪಿಗೆ, ವ್ಯಾಪಾರ ಲೈಸೆನ್ಸಿಗೆ ಆರ್ಥಿಕತೆ ಮತ್ತು ಪ್ರವಾಸೋದ್ಯಮ ಇಲಾಖೆ. ನಕ್ಷೆ ಪಾಸಾಗುವ ಮೊದಲು ಒಂದು ಟೈಲ್ಸನ್ನೂ ಹಾಕಿಸಬೇಡಿ. ಹಸಿ ತರಕಾರಿ ತೊಳೆಯುವ ಜಾಗ, ಪಾತ್ರೆ ತೊಳೆಯುವ ಜಾಗ, ಕೈ ತೊಳೆಯುವ ಜಾಗ ಬೇರೆ ಬೇರೆ ಇರಬೇಕು. ಊರಿನ ಇಕ್ಕಟ್ಟಾದ ಅಡುಗೆಮನೆಯ ಅಂದಾಜಿನಲ್ಲಿ ಜಾಗ ಹಿಡಿದರೆ ಇವು ಹಿಡಿಸುವುದಿಲ್ಲ. ತರಬೇತಿ ಪಡೆದು ಪ್ರಮಾಣಪತ್ರ ಇರುವ ಜವಾಬ್ದಾರಿಯ ವ್ಯಕ್ತಿಯೊಬ್ಬರು ಹೋಟೆಲಿನಲ್ಲಿ ಇರಬೇಕು, ಆಹಾರ ಮುಟ್ಟುವ ಎಲ್ಲರಿಗೂ ಆರೋಗ್ಯ ಕಾರ್ಡ್ ಬೇಕು.

ನಮ್ಮ ಇಡ್ಲಿ, ದೋಸೆ ಹಿಟ್ಟು ಅಲ್ಲಿ ಸರಿಯಾಗಿ ಬರುತ್ತದೆಯೇ?

ಇದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಿತ್ತು, ಕೇಳುವವರು ಕಡಿಮೆ. ಊರಿನಲ್ಲಿ ಸಂಜೆ ರುಬ್ಬಿಟ್ಟ ಹಿಟ್ಟು ಬೆಳಗಿನ ಜಾವಕ್ಕೆ ಉಬ್ಬಿ ಪಾತ್ರೆಯ ಅಂಚಿಗೆ ಬಂದಿರುತ್ತದೆ, ಭಟ್ಟರು ಸೌಟಿನಲ್ಲಿ ಒಮ್ಮೆ ಎತ್ತಿ ಬಿಟ್ಟರೆ ಹದ ಗೊತ್ತಾಗುತ್ತದೆ. ದುಬೈನ ಅಡುಗೆಮನೆಯಲ್ಲಿ ರಾತ್ರಿಯಿಡೀ ಎಸಿ ಓಡಿದರೆ ಅದೇ ಹಿಟ್ಟು ಬೆಳಿಗ್ಗೆ ಎದ್ದಿರುವುದಿಲ್ಲ, ಇಡ್ಲಿ ಕಲ್ಲಾಗುತ್ತದೆ. ಆಗಸ್ಟ್‌ನಲ್ಲಿ ಎಸಿ ಆರಿಸಿ ಹೋದರೆ ನಾಲ್ಕೈದು ಗಂಟೆಯಲ್ಲೇ ಹುಳಿ ಮಿತಿಮೀರುತ್ತದೆ.

ಇನ್ನೊಂದು ತೊಂದರೆ ನೀರಿನದು. ಬೇಸಿಗೆಯಲ್ಲಿ ತಾರಸಿ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರು ಕೈ ಸುಡುವಷ್ಟು ಬಿಸಿ. ಆ ನೀರು ಹಾಕಿ ಉದ್ದು ರುಬ್ಬಿದರೆ ಗ್ರೈಂಡರಿನ ಕಲ್ಲಿನ ಬಿಸಿಯೂ ಸೇರಿ, ಹಿಟ್ಟು ಹಗುರವಾಗಿ ಉಬ್ಬುವ ಗುಣವನ್ನೇ ಕಳೆದುಕೊಳ್ಳುತ್ತದೆ. ಫ್ರಿಜ್ಜಿನ ತಣ್ಣೀರಲ್ಲೇ ರುಬ್ಬಬೇಕು, ಬೇಕಾದರೆ ಐಸ್ ತುಂಡು ಹಾಕಬೇಕು. ಹಿಟ್ಟಿಗೆಂದೇ ಒಂದು ಸಣ್ಣ ಕೋಣೆ ಅಥವಾ ಕಪಾಟು ಮಾಡಿ, ಅಲ್ಲಿನ ಉಷ್ಣತೆಯನ್ನು ವರ್ಷವಿಡೀ ಒಂದೇ ಮಟ್ಟದಲ್ಲಿಡಿ. ನಕ್ಷೆ ಹಾಕುವಾಗಲೇ ಇದಕ್ಕೆ ಜಾಗ ಬಿಡಿ.

ಪಾಲಿಕೆಯ ನಿಯಮದಲ್ಲಿ ತಣ್ಣಗಿನ ಆಹಾರ 5 ಡಿಗ್ರಿಗಿಂತ ಕೆಳಗೆ, ಬಿಸಿ ಆಹಾರ 60 ಡಿಗ್ರಿಗಿಂತ ಮೇಲೆ ಇರಬೇಕು. ರಾತ್ರಿಯಿಡೀ ಹೊರಗಿಟ್ಟ ಹಿಟ್ಟನ್ನು ನೋಡಿ ತಪಾಸಣೆಗೆ ಬಂದವರು ಪ್ರಶ್ನೆ ಕೇಳುವುದು ಸಹಜ. ರುಬ್ಬಿದ ಹೊತ್ತು, ಇಟ್ಟ ಉಷ್ಣತೆ, ಹುದುಗು ಬಂದ ಮೇಲೆ ಫ್ರಿಜ್ಜಿಗೆ ಹೋದ ಹೊತ್ತು ಇಷ್ಟನ್ನು ಪ್ರತಿ ಪಾತ್ರೆಗೂ ಚೀಟಿಯಲ್ಲಿ ಬರೆದು ಅಂಟಿಸಿ. ಇದು ಹುದುಗು ಬರಿಸಿದ ಆಹಾರ, ಇದರ ಕ್ರಮ ಹೀಗೆ ಎಂಬ ಬರಹವನ್ನು ಕಡತದಲ್ಲಿಡಿ. ಕಾಯಿ ಚಟ್ನಿಯನ್ನು ಬೆಳಿಗ್ಗೆ ಒಮ್ಮೆಗೇ ರುಬ್ಬಿ ಬಕೆಟ್‌ನಲ್ಲಿ ಇಡುವ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬನ್ನಿ. ಸ್ವಲ್ಪ ಸ್ವಲ್ಪವೇ ರುಬ್ಬಿ ತಣ್ಣಗಿಡಿ.

ಸಾಮಾನು ಎಲ್ಲಿಂದ ತರುವುದು?

ಬೇಳೆಕಾಳು, ಮಸಾಲೆಗೆ ದೇರಾದ ಅಲ್ ರಾಸ್ ಸಗಟು ಮಾರುಕಟ್ಟೆ, ತರಕಾರಿಗೆ ಅಲ್ ಅವೀರ್. ಬ್ಯಾಡಗಿ ಮೆಣಸಿನಕಾಯಿ, ಕಾಫಿ ಪುಡಿ, ಕುಚ್ಚಲಕ್ಕಿಗೆ ಊರಿನ ಸರಬರಾಜು ಕಟ್ಟಿಕೊಳ್ಳಿ. ಕಾಫಿ ಪುಡಿಯನ್ನು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ತರಿಸಿದರೆ ಡಿಕಾಕ್ಷನ್‌ನಲ್ಲಿ ಪರಿಮಳ ಇರುವುದಿಲ್ಲ.

ಅಕ್ಕಿಯ ವಿಷಯದಲ್ಲಿ ಮಾತ್ರ ಒಂದೇ ದೇಶವನ್ನು ನಂಬಿ ಕೂರಬೇಡಿ. 2023ರ ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು, ಅದು ಮತ್ತೆ ತೆರೆದದ್ದು 2024ರ ಸೆಪ್ಟೆಂಬರ್‌ನಲ್ಲಿ. ಕುಚ್ಚಲಕ್ಕಿಗೂ ಆ ನಡುವೆ ಶೇ 20 ರಫ್ತು ಸುಂಕ ಬಿತ್ತು. ದೋಸೆಯನ್ನೇ ನಂಬಿದ ಹೋಟೆಲಿಗೆ ಹದಿನಾಲ್ಕು ತಿಂಗಳು ಸಣ್ಣ ಅವಧಿಯಲ್ಲ. ಬೇರೆ ದೇಶದ ಅಕ್ಕಿಯಲ್ಲೂ ಹಿಟ್ಟಿನ ಅಳತೆ ಹೊಂದಿಸಿ, ಬರೆದಿಟ್ಟುಕೊಂಡಿರಿ.

ಭಟ್ಟರನ್ನು, ಹುಡುಗರನ್ನು ಕರೆದೊಯ್ಯುವುದು ಹೇಗೆ?

ವಿಸಿಟ್ ವೀಸಾದಲ್ಲಿ ಒಯ್ದು "ಆಮೇಲೆ ನೋಡೋಣ" ಎನ್ನುವುದು ಮಾತ್ರ ಬೇಡವೇ ಬೇಡ. ಅದು ಆ ಹುಡುಗನನ್ನು ಕಾನೂನಿನ ಹೊರಗೆ ನಿಲ್ಲಿಸಿದಂತೆ, ಏನಾದರೂ ಆದರೆ ಅವನಿಗೆ ವಿಮೆಯಿಲ್ಲ, ಸಂಬಳ ಕೇಳುವ ಹಕ್ಕನ್ನು ಸಾಬೀತು ಮಾಡಲು ಕಾಗದವಿಲ್ಲ.

ನಮ್ಮ ಅಡುಗೆಮನೆಗಳಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸದ ಹುಡುಗರು ಬಹಳ. ಅವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ (ವಲಸೆಗೆ ಅನುಮತಿ ಬೇಕಾದ) ವರ್ಗದ್ದು. ಯುಎಇಯಂಥ ದೇಶಕ್ಕೆ ಕೆಲಸಕ್ಕೆ ಹೋಗಲು ಅವರಿಗೆ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ ಬೇಕು. ಅದರ ಜೊತೆಗೇ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಆಗುತ್ತದೆ. ತಡವಾಗುತ್ತದೆ, ಆದರೆ ಈ ತಡವನ್ನು ನಿಮ್ಮ ತಯಾರಿಯ ಲೆಕ್ಕದಲ್ಲೇ ಸೇರಿಸಿಕೊಳ್ಳಿ.

ಯುಎಇಯ ಈಗಿನ ಕಾರ್ಮಿಕ ಕಾನೂನು 2022ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ವೀಸಾ, ನೇಮಕಾತಿಯ ಖರ್ಚು ಮಾಲೀಕರದ್ದು, ಅದನ್ನು ಕೆಲಸಗಾರರಿಂದ ವಸೂಲು ಮಾಡುವಂತಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಹೆಚ್ಚಿನ ಗಂಟೆಗೆ ಕನಿಷ್ಠ ಶೇ 25 ಹೆಚ್ಚು, ರಾತ್ರಿ 10ರಿಂದ ಬೆಳಗಿನ 4ರ ನಡುವೆಯಾದರೆ ಶೇ 50. ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ರಜೆ. ಸಂಬಳ ಬ್ಯಾಂಕಿನ ಮೂಲಕ, ಸರ್ಕಾರದ ವೇತನ ಸಂರಕ್ಷಣಾ ವ್ಯವಸ್ಥೆಯಲ್ಲೇ ಹೋಗಬೇಕು. ಆರೋಗ್ಯ ವಿಮೆ ಮಾಲೀಕರ ಖರ್ಚು.

ಊರಲ್ಲಿ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದವನೇ ರಾತ್ರಿ ಹತ್ತಕ್ಕೆ ಒಲೆ ಆರಿಸುವ ಪದ್ಧತಿ ಇನ್ನೂ ಇದೆ. ಅದನ್ನು ಅಲ್ಲಿ ನಡೆಸುವ ಯೋಚನೆಯಿದ್ದರೆ ದಯವಿಟ್ಟು ಹೋಗಬೇಡಿ. ಎರಡು ಪಾಳಿಗೆ ಬೇಕಾದಷ್ಟು ಜನರನ್ನು ಲೆಕ್ಕ ಹಾಕಿ, ಆ ಸಂಬಳದಲ್ಲಿ ಹೋಟೆಲು ಲಾಭದಲ್ಲಿ ನಡೆದರೆ ಮಾತ್ರ ಮುಂದುವರಿಯಿರಿ. ಹೆಂಡತಿ ಮಕ್ಕಳನ್ನು ಕುಂದಾಪುರದಲ್ಲೋ ಶಿರಸಿಯಲ್ಲೋ ಬಿಟ್ಟು ಬಂದ ಭಟ್ಟರ ಕೈಯಲ್ಲೇ ನಿಮ್ಮ ಹೆಸರು ಇರುತ್ತದೆ. ಅವರು ಉಳಿದುಕೊಳ್ಳುವ ಕೋಣೆಯಲ್ಲಿ ಒಬ್ಬೊಬ್ಬರಿಗೆ ಎಷ್ಟು ಜಾಗ, ಸ್ನಾನಕ್ಕೆ ಎಷ್ಟು ಜನರ ಸಾಲು ಎಂಬುದನ್ನು ನೀವೇ ಹೋಗಿ ನೋಡಬೇಕು.

ಮೆನು ಬದಲಿಸಬೇಕೇ?

ಕಡಿಮೆ ಮಾಡಿ. ನಾರ್ತ್ ಇಂಡಿಯನ್, ಚೈನೀಸ್, ಚಾಟ್ ಎಲ್ಲ ಸೇರಿಸಿ ನೂರೈವತ್ತು ಬಗೆ ಮಾಡುವ ಹೋಟೆಲುಗಳು ಅಲ್ಲಿ ಸಾಕಷ್ಟಿವೆ. ನೀರು ದೋಸೆ, ಬನ್ಸ್, ಗೋಳಿಬಜೆ, ಮಳೆಗಾಲದಲ್ಲಿ ಪತ್ರೊಡೆ, ಬಿಸಿಬೇಳೆ ಬಾತ್, ಒಳ್ಳೆಯ ಫಿಲ್ಟರ್ ಕಾಫಿ, ಇವುಗಳಿಗೆ ಶಾರ್ಜಾದಿಂದಲೂ ಜನ ಬರುತ್ತಾರೆ. ಕನ್ನಡಿಗರಷ್ಟೇ ಅಲ್ಲ, ಮಲಯಾಳಿಗಳು, ಗುಜರಾತಿಗಳು, ಫಿಲಿಪ್ಪೀನ್ಸಿನವರು, ಅರಬರು ಕೂಡ ಗಿರಾಕಿಗಳೇ. ಖಾರ ಇಳಿಸಬೇಕೆಂದರೆ ಚಟ್ನಿಯಲ್ಲಿ ಇಳಿಸಿ, ಸಾಂಬಾರಿನ ಪುಡಿಯನ್ನು ಮುಟ್ಟಬೇಡಿ.

ಡೆಲಿವರಿ ಆ್ಯಪ್‌ಗಳಿಗೆ ಸೇರಬೇಕೇ?

ಸೇರದೆ ನಡೆಯುವುದು ಕಷ್ಟ. ತಲಬಾತ್, ನೂನ್, ಕರೀಂ ಎಲ್ಲವೂ ಬಿಲ್ಲಿನಲ್ಲಿ ದೊಡ್ಡ ಪಾಲು ಕಮಿಷನ್ ಹಿಡಿಯುತ್ತವೆ, ಮೇಲಿನ ಮೂರೂವರೆ ದಿರಮ್ ಲೆಕ್ಕ ಅಲ್ಲಿ ನಿಲ್ಲುವುದಿಲ್ಲ. ಗರಿಗರಿ ದೋಸೆ ಡಬ್ಬಿಯಲ್ಲಿ ಅರ್ಧ ಗಂಟೆ ಕೂತರೆ ಬೆವರಿ ಮೆತ್ತಗಾಗುತ್ತದೆ, ಬೈಗುಳ ಬರುವುದು ನಿಮಗೆ. ಪಾರ್ಸೆಲ್‌ಗೆ ಇಡ್ಲಿ, ಬನ್ಸ್, ಬಿಸಿಬೇಳೆ ಬಾತ್, ಸೆಟ್ ದೋಸೆಯನ್ನು ಮುಂದಿಡಿ. ಪೇಪರ್ ದೋಸೆಯನ್ನು ಆ್ಯಪ್‌ನಿಂದ ತೆಗೆದುಬಿಡಿ.

ತೆರಿಗೆ ಏನೇನು?

ವ್ಯಾಟ್ ಶೇ 5, 2018ರ ಜನವರಿಯಿಂದ. ವರ್ಷದ ವಹಿವಾಟು 3,75,000 ದಿರಮ್ ದಾಟಿದರೆ ನೋಂದಣಿ ಕಡ್ಡಾಯ, ಮೆನುವಿನ ಬೆಲೆಯಲ್ಲೇ ಅದು ಸೇರಿರಬೇಕು. 2023ರ ಜೂನ್‌ನಿಂದ ಕಾರ್ಪೊರೇಟ್ ತೆರಿಗೆಯೂ ಬಂದಿದೆ: 3,75,000 ದಿರಮ್ ಮೀರಿದ ಲಾಭಕ್ಕೆ ಶೇ 9. ವಹಿವಾಟು 30 ಲಕ್ಷ ದಿರಮ್ ಒಳಗಿದ್ದರೆ ಸಣ್ಣ ಉದ್ಯಮದ ವಿನಾಯಿತಿ ಕೇಳಬಹುದು, ಅದು 2026ರ ಡಿಸೆಂಬರ್ 31ರೊಳಗೆ ಮುಗಿಯುವ ತೆರಿಗೆ ಅವಧಿಗಳಿಗೆ. "ದುಬೈನಲ್ಲಿ ಟ್ಯಾಕ್ಸೇ ಇಲ್ಲ" ಎಂಬ ಹಳೆಯ ಮಾತನ್ನು ನಂಬಿ ಲೆಕ್ಕ ಇಡದಿದ್ದರೆ ದಂಡ ಬೀಳುತ್ತದೆ.

ಹೋಟೆಲಿನ ಹೆಸರನ್ನು ಕಾಪಾಡಿಕೊಳ್ಳುವುದು ಹೇಗೆ?

ಮಳಿಗೆ ಹುಡುಕುವ ಮೊದಲೇ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿ, ಟ್ರೇಡ್‌ಮಾರ್ಕ್ ವರ್ಗಗಳ ಪಟ್ಟಿಯಲ್ಲಿ ಹೋಟೆಲು ಬರುವುದು 43ನೇ ವರ್ಗದಲ್ಲಿ. ಭಾರತ 2013ರಲ್ಲಿ, ಯುಎಇ 2021ರ ಕೊನೆಯಲ್ಲಿ ಹಲವು ದೇಶಗಳಿಗೆ ಒಂದೇ ಟ್ರೇಡ್‌ಮಾರ್ಕ್ ಅರ್ಜಿ ಹಾಕಲು ಬಿಡುವ ಮ್ಯಾಡ್ರಿಡ್ ಒಪ್ಪಂದಕ್ಕೆ ಸೇರಿದ್ದರಿಂದ ಇಲ್ಲಿಂದಲೇ ಅರ್ಜಿ ಕಳಿಸಬಹುದು. "ಉಡುಪಿ" ಎಂಬುದು ಯಾರೊಬ್ಬರ ಸ್ವತ್ತೂ ಅಲ್ಲ, ಅದರ ಜೊತೆಗಿರುವ ನಿಮ್ಮದೇ ಹೆಸರು, ಚಿಹ್ನೆ ಮುಖ್ಯ. ಸ್ನೇಹಿತರೇ ಆಗಲಿ, ಪಾಲುದಾರರೇ ಆಗಲಿ, ಬೇರೆಯವರ ಹೆಸರಿನಲ್ಲಿ ಅದನ್ನು ನೋಂದಾಯಿಸಲು ಬಿಡಬೇಡಿ.

ನಾವು ಹೋಗದೆ ಫ್ರ್ಯಾಂಚೈಸಿ ಕೊಟ್ಟರೆ?

ಬಂಡವಾಳ ಉಳಿಯುತ್ತದೆ, ಆದರೆ ಚಿಂತೆ ತಪ್ಪುತ್ತದೆ ಎಂದೇನಿಲ್ಲ. ಸಾಂಬಾರು ಪುಡಿ, ಕಾಫಿ ಪುಡಿ ನಿಮ್ಮಿಂದಲೇ ಹೋಗಬೇಕು, ಮುಖ್ಯ ಭಟ್ಟರನ್ನು ನೀವೇ ಆರಿಸಬೇಕು, ಯಾವಾಗ ಬೇಕಾದರೂ ಅಡುಗೆಮನೆಗೆ ಹೋಗಿ ನೋಡುವ ಹಕ್ಕಿರಬೇಕು. ಈ ಮೂರು ಕರಾರಿನಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ. ಕರಾರು ಅಲ್ಲಿನ ವಾಣಿಜ್ಯ ಏಜೆನ್ಸಿ ಕಾನೂನಿನಡಿ ನೋಂದಣಿಯಾದರೆ ಬಿಡಿಸಿಕೊಳ್ಳುವುದು ಸುಲಭವಲ್ಲ. ಅಲ್ಲಿನ ವಕೀಲರಿಗೆ ಒಮ್ಮೆ ತೋರಿಸಿ.

ವ್ಯಾಪಾರ ಬೀಳುವ ತಿಂಗಳುಗಳು ಯಾವುವು?

ಜುಲೈ, ಆಗಸ್ಟ್. ಶಾಲೆಗೆ ರಜೆ, ಸಂಸಾರಗಳು ಊರಿಗೆ ಹೋಗುತ್ತವೆ, ಇರುವವರೂ ಬಿಸಿಲಿಗೆ ಹೊರಬರುವುದಿಲ್ಲ. ಹೊಸ ಹೋಟೆಲನ್ನು ಸೆಪ್ಟೆಂಬರ್ ಕೊನೆಗೆ ತೆರೆದರೆ ತಂಪಿನ ತಿಂಗಳುಗಳೆಲ್ಲ ಮುಂದಿರುತ್ತವೆ, ಗಣೇಶನ ಹಬ್ಬ ದಾಟಿ ದಸರಾ, ದೀಪಾವಳಿಯ ವ್ಯಾಪಾರವೂ ಸಿಗುತ್ತದೆ. ರಮ್ಜಾನ್‌ನಲ್ಲಿ ಹಗಲು ಬಾಗಿಲಿಗೆ ಪರದೆ ಕಟ್ಟಬೇಕೆಂಬ ಕಡ್ಡಾಯವನ್ನು ದುಬೈ 2021ರಲ್ಲಿ ತೆಗೆದಿದೆ. ಆದರೂ ಆ ತಿಂಗಳು ವ್ಯಾಪಾರ ರಾತ್ರಿಗೆ ಸರಿಯುತ್ತದೆ, ಪಾಳಿಯನ್ನು ಅದಕ್ಕೆ ಹೊಂದಿಸಿ. ಬಾಡಿಗೆ, ಸಂಬಳಕ್ಕೆ ಆಗುವಷ್ಟು ಆರು ತಿಂಗಳ ಹಣ ಬೇರೆಯೇ ಇಟ್ಟುಕೊಂಡಿರಬೇಕು.

ನಡೆಯದೆ ಮುಚ್ಚಬೇಕಾಗಿ ಬಂದರೆ?

ಬೀಗ ಹಾಕಿ ವಿಮಾನ ಹತ್ತುವುದು ಆಗದ ಕೆಲಸ. ಲೈಸೆನ್ಸ್ ರದ್ದತಿ, ವ್ಯಾಟ್ ನೋಂದಣಿ ರದ್ದತಿ, ಬಾಡಿಗೆ ಕರಾರಿನ ಇತ್ಯರ್ಥ, ಎಲ್ಲರ ವೀಸಾ ರದ್ದತಿ ಕ್ರಮವಾಗಿ ಆಗಬೇಕು. ಉಳಿದ ಹಣವನ್ನು 90 ದಿನದೊಳಗೆ ಭಾರತಕ್ಕೆ ತಂದು, ಬಂದ 30 ದಿನದೊಳಗೆ ಬ್ಯಾಂಕಿನ ಮೂಲಕ ವರದಿ ಕೊಡಬೇಕು. ಒಂದು ವರ್ಷ ದಾಟಿದ ಕೆಲಸಗಾರರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನಗಳದ್ದು ಗ್ರಾಚುಯಿಟಿಯಾಗಿ ಸಲ್ಲಬೇಕು. ಕರಾರು ಮುಗಿದ 14 ದಿನದೊಳಗೆ ಅದು ಅವರ ಕೈ ಸೇರಬೇಕು. ಈ ಹಣವನ್ನು ಮುಚ್ಚುವ ಹೊತ್ತಿಗೆ ಹುಡುಕಲು ಹೋಗಬೇಡಿ, ಹೋಟೆಲು ತೆರೆದ ಮೊದಲ ತಿಂಗಳಿಂದಲೇ ಬೇರೆ ಖಾತೆಯಲ್ಲಿ ಹಾಕುತ್ತಾ ಬನ್ನಿ.